ಅಂಬತ್ತೂರಿನ ನೀರಿನ ಸಾರು

ಬೆಸೆಂಟ್ ನಗರದ ಸಾಗರದೀಪ ಅಪಾರ್ಟ್‌ಮೆಂಟಿನಲ್ಲಿ ನಾಗರತ್ನಮ್ಮನವರ ಮಡಿಗೆ ಹೆದರದವರೇ ಇರಲಿಲ್ಲ. ಬೆಳಗ್ಗೆ ಒದ್ದೆ ಸೀರೆಯಲ್ಲಿ ಕೊಡ ಹಿಡಿದು ಅವರು ಬಾವಿಯ ಕಡೆ ಹೊರಟರೆಂದರೆ ಪೇಪರಿನವನು ಸೈಕಲ್ ಇಳಿದು ಗೋಡೆಗೆ ಅಂಟಿಕೊಳ್ಳುತ್ತಿದ್ದ. ಮೇಲಿನ ಮನೆಯ ಕಾಲೇಜು ಲೆಕ್ಚರರ್ ಕೌಸಲ್ಯಾ ತನ್ನ ನಾಯಿಯನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿಬಿಡುತ್ತಿದ್ದಳು. ನಲ್ಲಿ ನೀರು ನಾಗರತ್ನಮ್ಮನವರಿಗೆ ಆಗದು, ನಲ್ಲಿಯೊಳಗೆ ಚರ್ಮದ ವಾಷರ್ ಇರುತ್ತದೆ. ಲಾರಿ ನೀರೂ ಆಗದು, ಆ ಲಾರಿಯಲ್ಲಿ ನಿನ್ನೆ ಏನು ತುಂಬಿದ್ದರೋ ಯಾರು ಕಂಡರು. ರಾಟೆಗೆ ಹಗ್ಗ ಹಾಕಿ ಕೈಯಾರೆ ಸೇದಿದ ಬಾವಿ ನೀರೇ ಆಗಬೇಕು. ಇನ್ಶೂರೆನ್ಸ್ ನೌಕರಿಯ ಗಂಡನ ಹಿಂದೆ ಮಳವಳ್ಳಿಯಿಂದ ಮದರಾಸಿಗೆ ಬಂದು ಅರ್ಧ ಆಯಸ್ಸು ಕಳೆದಿತ್ತು, ಗಂಡನೂ ತೀರಿಕೊಂಡಿದ್ದರು, ಮದರಾಸಿನ ಹೆಸರೇ ಚೆನ್ನೈ ಆಗಿತ್ತು. ಮಡಿ ಮಾತ್ರ ಒಂದು ನೂಲಿನಷ್ಟೂ ಸಡಿಲವಾಗಿರಲಿಲ್ಲ.

ಇಷ್ಟೆಲ್ಲ ಹೆಸರು ಮಾಡಿದ ನಾಗರತ್ನಮ್ಮ ಎರಡು ಸಾವಿರದ ಮೂರನೇ ಇಸವಿಯ ಆಷಾಢದಲ್ಲಿ ಕದ್ದುಮುಚ್ಚಿ ಕ್ಯಾನ್ ನೀರು ತರಿಸುತ್ತಿದ್ದರು.

ಬ್ಯಾಂಕಿನಲ್ಲಿದ್ದ ಮಗ ಶ್ರೀನಾಥನಿಗೆ ಇದು ಗೊತ್ತಿರಲಿಲ್ಲ. ಅವನಿಗೆ ಎದುರಿಗಿಟ್ಟ ತಟ್ಟೆ ಬಿಟ್ಟರೆ ಬೇರೇನೂ ಗೊತ್ತಾಗುತ್ತಿರಲಿಲ್ಲ. ಸೊಸೆ ವಂದನಾ ಕ್ಯಾಂಪಿಗೆ ಹೋಗಿದ್ದಳು. ಗೊತ್ತಿದ್ದವನೆಂದರೆ ನೀರು ತರುವ ಬಾಬು ಒಬ್ಬನೇ. ಅವನು ರಾಯಪುರಂನವನು, ಬರುತ್ತಿದ್ದದ್ದು ಮೂರು ಚಕ್ರದ ಗಾಡಿಯಲ್ಲಿ. ಆ ಗಾಡಿಗೆ ಈ ಊರಿನಲ್ಲಿ ಮೀನುಬಾಡಿ ಎಂದು ಹೆಸರು. ಮೀನು ಸಾಗಿಸಲಿಕ್ಕೆಂದೇ ಮಾಡಿದ್ದು ಎಂದು ಬಾಬು ಒಮ್ಮೆ ಹೆಮ್ಮೆಯಿಂದ ಹೇಳಿಬಿಟ್ಟಿದ್ದ, ನಾಗರತ್ನಮ್ಮ ಕಿವಿ ಮುಚ್ಚಿಕೊಳ್ಳುವುದರೊಳಗೆ. ಅಂಬತ್ತೂರಿನ ಯಾವುದೋ ಶೆಡ್ಡಿನಲ್ಲಿ ತುಂಬಿದ ನೀರು, ಪ್ಲಾಸ್ಟಿಕ್ ಕ್ಯಾನು, ಮೀನಿನ ಹೆಸರಿನ ಗಾಡಿ. ಇದಕ್ಕಿಂತ ಮೈಲಿಗೆಯಾದದ್ದನ್ನು ಹುಡುಕಬೇಕೆಂದರೆ ಟೆಂಡರು ಕರೆಯಬೇಕಾಗಿತ್ತು.

ಬಾಬು ಹಿಂದಿನ ಮೆಟ್ಟಿಲ ಹತ್ತಿರ ಕ್ಯಾನ್ ಇಳಿಸಿ ಹೋಗಬೇಕು, ಹೊಸ್ತಿಲು ದಾಟುವಂತಿಲ್ಲ. ಅಲ್ಲಿಂದ ಅಡುಗೆಮನೆಯ ತನಕ ನಾಗರತ್ನಮ್ಮನೇ ಅದನ್ನು ಕಾಲಿನಿಂದ ಉರುಳಿಸುತ್ತ, ಸೊಂಟ ಹಿಡಿದುಕೊಂಡು, ದೇವರನ್ನೂ ಬಾಬುವನ್ನೂ ಒಟ್ಟಿಗೇ ಬೈಯುತ್ತ ಸಾಗಿಸುತ್ತಿದ್ದರು. ಆಮೇಲೆ ಅದರ ಮೇಲೆ ಪೂಜೆಯ ಚಮಚ ಉದ್ಧರಣೆಯಿಂದ ಬಾವಿ ನೀರು ಚಿಮುಕಿಸಿ ಶುದ್ಧ ಮಾಡುತ್ತಿದ್ದರು. ಬಾಯಿಗಿಡಲಾಗದ ಉಪ್ಪುನೀರು ಕುಡಿಯುವ ನೀರನ್ನು ಶುದ್ಧ ಮಾಡುವ ಈ ವಿಧಿ ಯಾವ ಶಾಸ್ತ್ರದಲ್ಲಿದೆ ಎಂದು ಕೇಳುವವರು ಯಾರೂ ಇರಲಿಲ್ಲವಾದ್ದರಿಂದ ಎಲ್ಲವೂ ಸಾಂಗವಾಗಿ ನಡೆಯುತ್ತಿತ್ತು. ತೋರಿಕೆಗೆ ದಿನವೂ ಒಂದು ಕೊಡ ಬಾವಿ ನೀರು ಸೇದಿ ತರುತ್ತಿದ್ದರು. ಅದನ್ನು ಏನು ಮಾಡುವುದು ಎಂದು ತಿಳಿಯದೆ ತುಳಸಿಗೆ ಹಾಕುತ್ತಿದ್ದರು.

ಇದೆಲ್ಲ ಶುರುವಾದದ್ದು ವರುಣ ಜಪದಿಂದ. ಮಳೆ ಕೈಕೊಟ್ಟು ಎರಡು ವರ್ಷವಾಗಿತ್ತು, ಬಾವಿ ಇಳಿಯುತ್ತಲೇ ಇತ್ತು. ಅಸೋಸಿಯೇಷನ್ನಿನ ಅಧ್ಯಕ್ಷರು ಹರಿಹರ ರಾಯರು, ರೈಲಿನಲ್ಲಿ ಗಾರ್ಡಾಗಿ ರಿಟೈರಾದವರು. ಬಾವುಟ ಹೋಗಿತ್ತು, ವಿಸಲ್ ಹೋಗಿತ್ತು, ಬಾಯಿ ಉಳಿದಿತ್ತು. ದಿನಾ ಬೆಳಗ್ಗೆ ಗಡಿಯಾರ ನೋಡಿಕೊಂಡು ಅವರು ಬಾವಿ ಅಳೆಯುತ್ತಿದ್ದರು. ಅಡಿಗೊಂದು ಗಂಟು ಹಾಕಿದ ಹಗ್ಗ, ಅದರ ತುದಿಗೆ ಹಿತ್ತಾಳೆ ಚೊಂಬು. ಬಾವಿಕಟ್ಟೆಯ ಮೇಲಂಚಿನಿಂದ ಇಳಿಬಿಟ್ಟು, ಚೊಂಬು ನೀರು ಮುಟ್ಟಿದ ಸದ್ದು ಬಂದ ಕೂಡಲೇ ಗಂಟು ಎಣಿಸಿ, ಗೇಟಿನ ಪಕ್ಕದ ಕರಿಹಲಗೆಯ ಮೇಲೆ ಬರೆಯುತ್ತಿದ್ದರು. ರೈಲು ಎಷ್ಟು ತಡ ಎಂದು ಬರೆಯುವ ಅಕ್ಷರ, ಅದೇ ಗತ್ತು.

ಜಪಕ್ಕೆ ಮೈಲಾಪುರದಿಂದ ಪುರೋಹಿತರು ಬಂದರು. ಕೊಪ್ಪರಿಗೆಗಳಲ್ಲಿ ಕುತ್ತಿಗೆಯ ತನಕ ನೀರಿನಲ್ಲಿ ಕೂತು ವರುಣನನ್ನು ಕರೆಯುವ ಜಪ ಅದು. ಆ ಕೊಪ್ಪರಿಗೆ ತುಂಬಿಸಲು ಒಂದು ಲಾರಿ ನೀರು ತರಿಸಬೇಕಾಯಿತು, ವರುಣ ಇದನ್ನು ಹೇಗೆ ತೆಗೆದುಕೊಂಡನೋ ತಿಳಿಯದು. ಮುಖ್ಯ ಪುರೋಹಿತರು ಕುಳ್ಳಗಿದ್ದರು. ಬಾವಿಗೆ ಕಲಶ ಇಳಿಬಿಡಬೇಕೆಂದರೆ ಕಟ್ಟೆ ಅವರ ಎದೆಯ ಮಟ್ಟಕ್ಕೆ ಬರುತ್ತಿತ್ತು. ಹಿಂದಿನ ದಿನ ಅವರ ಒದ್ದಾಟ ನೋಡಿದ ರಾಯರು ಮೇಸ್ತ್ರಿಯನ್ನು ಕರೆಸಿ ಕಟ್ಟೆಯನ್ನು ಸುತ್ತಲೂ ಎರಡಡಿ ಒಡೆಸಿಬಿಟ್ಟರು. ಆ ಇಟ್ಟಿಗೆಗಳೇ ಕೊಪ್ಪರಿಗೆಗಳ ಕೆಳಗೆ ಆಸರೆಯಾದವು.

ಸಂತರ್ಪಣೆಯ ಅಡುಗೆ ನಾಗರತ್ನಮ್ಮನವರದು. ಮಡಿಯಲ್ಲಿ ಅವರನ್ನು ಮೀರಿಸುವವರು ಇನ್ಯಾರಿದ್ದಾರೆ. ಆದರೆ ಅವತ್ತು ಒಲೆಯ ಮೇಲೆ ಬೇಳೆ ಹಟ ಹಿಡಿದು ಕೂತಿತು. ಎಷ್ಟು ಕುದಿಸಿದರೂ ಬೇಯದು. ನೀರನ್ನು ನಾಲಿಗೆಗೆ ಹಚ್ಚಿ ನೋಡಿದರೆ ಉಪ್ಪು. ಕೆಲವು ದಿನದಿಂದ ಒಂದು ಥರ ಒಗರಾಗಿತ್ತು, ಅವತ್ತು ಅನುಮಾನಕ್ಕೇ ಜಾಗವಿರಲಿಲ್ಲ. ಹೊರಗೆ ಮಂತ್ರ ಮುಗಿಯುತ್ತ ಬಂದಿತ್ತು, ಹಸಿದ ಬ್ರಾಹ್ಮಣರು ಎಲೆ ಹಾಕುವ ಕಡೆಗೇ ಕಣ್ಣು ನೆಟ್ಟಿದ್ದರು. ಅಷ್ಟರಲ್ಲಿ ಕೌಸಲ್ಯಾಳ ಮನೆಗೆ ಕ್ಯಾನ್ ಹಾಕಿ ಹಿಂದಿನ ಓಣಿಯಲ್ಲಿ ಹೋಗುತ್ತಿದ್ದ ಬಾಬು ಕಿಟಕಿಯಲ್ಲಿ ಕಂಡ. ಆ ಗಳಿಗೆಯಲ್ಲಿ ನಾಗರತ್ನಮ್ಮನವರಿಗೆ ಶಾಸ್ತ್ರಕ್ಕಿಂತ ಬೇಳೆ ದೊಡ್ಡದಾಗಿ ಕಂಡಿತು.

ಸಾರು ಅಮೃತದ ಹಾಗಿತ್ತು. ಹರಿಹರ ರಾಯರು ಮೂರು ಸಲ ಹಾಕಿಸಿಕೊಂಡು, ತೇಗಿ, ಎಲೆಯ ಮುಂದೆ ಕೂತೇ ಭಾಷಣ ಮಾಡಿದರು.

"ನಿನ್ನೆವರೆಗೂ ಸಪ್ಪೆ ಒಗರು ಇದ್ದ ನೀರು ಇವತ್ತು ಹೇಗೆ ಸಿಹಿಯಾಗಿದೆ ನೋಡಿ. ಜಪದ ಫಲಕ್ಕೆ ಬೇರೆ ಸಾಕ್ಷಿ ಬೇಡ, ನಾಗರತ್ನಮ್ಮನೋರ ಸಾರೇ ಸಾಕು."

ಎಲ್ಲರೂ ಕೈ ಮುಗಿದರು. ನಾಗರತ್ನಮ್ಮನೂ ಮುಗಿದರು, ಇನ್ನೇನು ಮಾಡಬೇಕಿತ್ತು.

ಜಪದ ದಿನ ಗಡಿಬಿಡಿಯಲ್ಲಿ ಅಳತೆ ತಪ್ಪಿತ್ತು. ಮರುದಿನ ರಾಯರು ಚೊಂಬು ಇಳಿಬಿಟ್ಟರೆ ಹಿಂದಿನ ಅಳತೆಗಿಂತ ಒಂದು ಗಂಟು ಕಡಿಮೆ. ಬಾವಿ ನೀರು ಒಂದಡಿ ಮೇಲೆ ಬಂದಿದೆ. ಕರಿಹಲಗೆಯ ಮೇಲೆ ಸಂಖ್ಯೆಯ ಕೆಳಗೆ 'ವರುಣ ಕೃಪೆ' ಎಂದು ಬರೆದರು, ಕೌಸಲ್ಯಾಳ ಅನುಕೂಲಕ್ಕೆ ತಮಿಳಿನಲ್ಲೂ ಬರೆದರು. ರಾಯರ ಹೆಂಡತಿ ಜಾನಕಮ್ಮ ಬೆಂಗಳೂರು, ತುಮಕೂರು, ಭದ್ರಾವತಿಗೆಲ್ಲ ಫೋನು ಮಾಡಿದರು. ನೀರು ಹೀಗೆ ಮೇಲೆ ಬರುತ್ತಿರುವಾಗ ಕೊಡದಲ್ಲಿ ಸೇದಿಕೊಂಡು ಕೂರುವುದೇಕೆ ಎಂಬ ಮಾತು ಎದ್ದಿತು. ಬಾವಿಯ ಪಕ್ಕದಲ್ಲೇ ಒಂದು ಆಳವಾದ ಬೋರು ಕೊರೆಸಿ, ದೊಡ್ಡ ಮೋಟರ್ ಹಾಕಿಸಿ, ದಿನವಿಡೀ ನಲ್ಲಿಯಲ್ಲಿ ನೀರು ಬರುವ ಹಾಗೆ ಮಾಡುವುದೆಂದು ನಿಶ್ಚಯವಾಯಿತು. ಬೋರಿನವನು ಬಿಡುವಾಗಲು ಎರಡು ವಾರ ಕೇಳಿದ. ಅವನು ಬರುವ ಹಿಂದಿನ ಭಾನುವಾರ ಮೀಟಿಂಗ್, ಎಲ್ಲರೂ ಕೈ ಎತ್ತಿಬಿಟ್ಟರೆ ಮುಗಿಯಿತು.

ಆ ವಾರ ವಂದನಾ ಕ್ಯಾಂಪಿನಿಂದ ಬಂದಳು. ಬಾವಿಗಳಲ್ಲಿ ನೀರಿನ ಮಟ್ಟ ಅಳೆಯುವುದು, ಉಪ್ಪು ನೋಡುವುದು, ಆ ಮನೆಗಳವರಿಗೆ ವಿಷಯ ತಿಳಿಸುವುದು, ಇದೇ ಅವಳ ಕೆಲಸ. ರಾಮನಾಥಪುರದಿಂದ ತಿರುವಾನ್ಮಿಯೂರಿನ ತನಕ ಜನ ಅವಳನ್ನು ಮೇಡಂ ಎಂದು ಕರೆದು ಕುರ್ಚಿ ಹಾಕಿ ಕೇಳುತ್ತಿದ್ದರು. ಸಾಗರದೀಪದಲ್ಲಿ ಮಾತ್ರ ಅವಳು ನಾಗರತ್ನಮ್ಮನ ಸೊಸೆ. ಗೇಟಿನೊಳಗೆ ಬಂದವಳು ಕರಿಹಲಗೆ ಓದಿದಳು, ಬಾವಿಕಟ್ಟೆ ನೋಡಿದಳು, ನಕ್ಕಳು. ಆಮೇಲೆ ಬ್ಯಾಗಿನಿಂದ ಟೇಪು ತೆಗೆದು ಬಾವಿಗೆ ಬಿಟ್ಟಳು, ನೀರಿಗೆ ಉಪ್ಪಿನ ಮೀಟರ್ ಅದ್ದಿದಳು. ನಗು ನಿಂತುಹೋಯಿತು.

"ನೀರು ಮೇಲೆ ಬಂದಿಲ್ಲ ಅತ್ತೆ, ಕಟ್ಟೆ ಕೆಳಗೆ ಹೋಗಿದೆ," ಎಂದಳು ರಾತ್ರಿ ಊಟಕ್ಕೆ ಕೂತಾಗ. "ಕಟ್ಟೆ ಎರಡಡಿ ಒಡೆದಿದಾರೆ. ನೀರು ಇದ್ದಲ್ಲೇ ಇದ್ದಿದ್ರೆ ಹಗ್ಗ ಎರಡಡಿ ಕಮ್ಮಿ ತೋರಿಸ್ಬೇಕಿತ್ತು. ಒಂದೇ ಅಡಿ ಕಮ್ಮಿ ತೋರಿಸಿದೆ. ಅಂದ್ರೆ ನಿಜವಾಗಿ ನೀರು ಒಂದಡಿ ಇಳಿದಿದೆ."

"ಇಳಿದ್ರೆ ಬೋರ್ ಹಾಕಿಸಲಿ ಬಿಡು," ಎಂದ ಶ್ರೀನಾಥ ಸಾರಿನೊಳಗಿಂದ ತಲೆ ಎತ್ತದೆ.

"ಅದೇ ಮಾಡಬಾರದು. ನಮ್ಮ ಕಾಲ ಕೆಳಗೆ ಸಿಹಿನೀರು ಹಾಲಿನ ಮೇಲಿನ ಕೆನೆ ಥರ ಇದೆ, ಅದರ ಕೆಳಗೆ ಪೂರಾ ಸಮುದ್ರ. ದೊಡ್ಡ ಮೋಟರ್ ಹಾಕಿ ಎಳೆದ್ರೆ ಕೆನೆ ಹೋಗಿ ಸಮುದ್ರ ಮೇಲೆ ಬರತ್ತೆ. ಬಾವಿ ಈಗಾಗಲೇ ಉಪ್ಪಾಗ್ತಿದೆ. ಈಗ ಎಳೆಯೋದು ಕಮ್ಮಿ ಮಾಡಿ ಮಳೆನೀರು ಇಂಗಿಸಿದ್ರೆ ಉಳಿಯತ್ತೆ. ಬೋರ್ ಬಿತ್ತು ಅಂದ್ರೆ ಈ ಬಾವಿ ಕತೆ ಮುಗೀತು."

ನಾಗರತ್ನಮ್ಮನವರ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಆ ಬಾವಿ ಹೋದರೆ ತಮ್ಮ ಮಡಿ ಎಲ್ಲಿಗೆ ಹೋಗುತ್ತದೆ ಎಂಬುದು ಅವರಿಗೆ ತಕ್ಷಣ ಹೊಳೆಯಿತು. ಬಾವಿ ಉಳಿಸಬೇಕೆಂದರೆ ಯಾರಾದರೂ ನೀರು ಉಪ್ಪು ಎಂದು ಹೇಳಬೇಕು. ಹೇಳಬೇಕಾದವರು ಯಾರು ಎಂಬುದೂ ಹೊಳೆಯಿತು. ಹೇಳಿದರೆ ಮುಂದಿನ ಪ್ರಶ್ನೆ, ಹಾಗಾದರೆ ಅವತ್ತಿನ ಸಾರು ಯಾವ ನೀರಿನದು? ಅಷ್ಟೂ ಜನ ವೈದಿಕರಿಗೆ ಮೀನುಬಾಡಿಯ ನೀರಿನ ಊಟ ಬಡಿಸಿದ ಪುಣ್ಯಾತ್ಗಿತ್ತಿ ಎಂದು ಮೈಲಾಪುರದ ತನಕ ಹೆಸರಾಗುತ್ತದೆ. ಅವರು ಎಲ್ಲರಿಗೂ ಇನ್ನೊಂದು ಸೌಟು ಸಾರು ಬಡಿಸಿದರು.

ಶನಿವಾರ ಬೆಳಗ್ಗೆ ಅನಾಹುತವೇ ಆಗುವುದಿತ್ತು. ಬಾಬು ಕ್ಯಾನ್ ಇಳಿಸಿ ಹೋಗಿದ್ದ, ನಾಗರತ್ನಮ್ಮ ಅದನ್ನು ನಡುಮನೆಯ ತನಕ ಉರುಳಿಸಿಕೊಂಡು ಬಂದಿದ್ದರು, ಸೊಂಟ ಹಿಡಿದುಕೊಂಡಿತು. ಅಲ್ಲೇ ಬಿಟ್ಟು ಒಳಗೆ ಹೋಗಿ ಅಮೃತಾಂಜನ ಹಚ್ಚಿಕೊಳ್ಳುವಷ್ಟರಲ್ಲಿ ಮುಂಬಾಗಿಲಲ್ಲಿ ಜಾನಕಮ್ಮನ ದನಿ ಕೇಳಿತು. ಓಡಿ ಬಂದು ನೋಡಿದರೆ ಜಾನಕಮ್ಮ ಸೋಫಾದ ಮೇಲೆ ಕೂತು ವಂದನಾಳ ಜೊತೆ ಹರಟುತ್ತಿದ್ದಾರೆ. ಕ್ಯಾನ್ ಇದ್ದ ಜಾಗದಲ್ಲಿ ಇಸ್ತ್ರಿಗೆ ಹಾಕುವ ಬಟ್ಟೆಯ ದೊಡ್ಡ ರಾಶಿ. ರಾಶಿಯ ತುದಿಯಲ್ಲಿ ಶ್ರೀನಾಥನ ಬನಿಯನ್ ಗೋಪುರದ ಕಳಶದಂತೆ ಕೂತಿತ್ತು.

"ನಾಳೆ ಮೀಟಿಂಗಿಗೆ ನೀವು ಬರಲೇಬೇಕು ನಾಗರತ್ನಮ್ಮನೋರೆ. ಜಪದ ದಿನದ ಸಾರಿನ ವಿಷಯ ನೀವೇ ಎದ್ದು ಹೇಳ್ಬೇಕಂತೆ, ಇವರು ಹೇಳಿ ಕಳ್ಸಿದಾರೆ," ಎಂದರು ಜಾನಕಮ್ಮ.

"ಬರ್ತೀನಿ," ಎಂದರು ನಾಗರತ್ನಮ್ಮ ಬಟ್ಟೆಯ ರಾಶಿ ನೋಡುತ್ತ. ಗಾಬರಿಯಲ್ಲಿ ತಾವೇ ಬಟ್ಟೆ ಎಸೆದಿರಬೇಕು, ನೆನಪಿಲ್ಲ, ವಯಸ್ಸಾಯಿತು ಎಂದುಕೊಂಡರು. ಮನುಷ್ಯರು ತಮಗೆ ಬೇಕಾದ್ದನ್ನು ಎಷ್ಟು ಸಲೀಸಾಗಿ ನಂಬುತ್ತಾರೆ ಎಂಬುದಕ್ಕೆ ಹರಿಹರ ರಾಯರೊಬ್ಬರೇ ಉದಾಹರಣೆಯಲ್ಲ.

ಭಾನುವಾರ ಕಾರು ನಿಲ್ಲಿಸುವ ಜಾಗದಲ್ಲಿ ಕುರ್ಚಿ ಹಾಕಿ ಎಲ್ಲರೂ ಸೇರಿದರು. ವಂದನಾ ಎದ್ದು ನಿಂತು ಕಟ್ಟೆಯ ವಿಷಯ, ಉಪ್ಪಿನ ವಿಷಯ, ಸಮುದ್ರದ ವಿಷಯ ಬಿಡಿಸಿ ಹೇಳಿದಳು. ಕನ್ನಡದಲ್ಲೂ ತಮಿಳಿನಲ್ಲೂ ಹೇಳಿದಳು. ಜನ ಶ್ರದ್ಧೆಯಿಂದ ಕೇಳಿದರು, ಕೇಳಿ ಹರಿಹರ ರಾಯರ ಮುಖ ನೋಡಿದರು. ದಿನವಿಡೀ ನಲ್ಲಿಯಲ್ಲಿ ನೀರು ಬರುತ್ತದೆಂಬ ಮಾತು ಒಮ್ಮೆ ಕಿವಿಗೆ ಬಿದ್ದ ಮೇಲೆ ಇನ್ನೊಂದು ಮಾತು ಒಳಗೆ ಇಳಿಯುವುದು ಕಷ್ಟ.

"ಹಗ್ಗ ಅದೇ, ಚೊಂಬು ಅದೇ, ಅಳೆಯೋ ಕೈಯೂ ಅದೇ," ಎಂದರು ರಾಯರು. "ಕಟ್ಟೆ ಸಣ್ಣದಾದ್ರೆ ನೀರಿಗೇನಮ್ಮ ಆಗ್ಬೇಕು?"

"ಅಂಕಲ್, ಪ್ಲಾಟ್‌ಫಾರಂ ಮೇಲೆ ನಿಂತು ಹಳಿ ಎಷ್ಟು ಕೆಳಗಿದೆ ಅಂತ ಅಳೀತೀರ. ಆಮೇಲೆ ಪ್ಲಾಟ್‌ಫಾರಂ ಎರಡಡಿ ಒಡೆದು ಮತ್ತೆ ಅಳೀತೀರ. ಹಳಿ ಮೇಲೆ ಬಂತು ಅಂತೀರಾ?"

ಕೌಸಲ್ಯಾ ಕಿಸಕ್ಕೆಂದಳು. ರೈಲಿನ ಉದಾಹರಣೆ ಕೊಟ್ಟದ್ದು ತಪ್ಪಾಯಿತು. ರಾಯರ ಕಿವಿ ಕೆಂಪಾಯಿತು, ಇನ್ನು ಅವರಿಗೆ ಸರಿ ಎಂದು ಕಂಡರೂ ಒಪ್ಪುವ ಹಾಗಿರಲಿಲ್ಲ.

"ನಿನ್ನ ಮೀಟರು ಸಮುದ್ರದ ಗಾಳಿಗೆ ಕೆಟ್ಟಿರತ್ತೆ. ಮೀಟರು ಯಾಕೆ, ನಿಮ್ಮತ್ತೇನೇ ಇಲ್ಲಿ ಕೂತಿದಾರೆ. ಆ ಬಾವಿ ನೀರು ಬಿಟ್ಟು ಬೇರೆ ನೀರು ಮುಟ್ಟದೋರು. ಅವರ ಸಾರು ನಾವೆಲ್ಲ ಉಂಡಿದೀವಿ. ನೀನೇ ಹೇಳು, ನಿಮ್ಮ ಮನೇಲಿ ಯಾರಾದ್ರೂ ನೀರು ಉಪ್ಪು ಅಂತ ಒಂದು ಮಾತು ಅಂದಿದಾರಾ?"

ವಂದನಾ ಬಾಯಿ ತೆರೆದಳು. ಅತ್ತೆಯ ಕಡೆ ಒಮ್ಮೆ ನೋಡಿದಳು, ಆಮೇಲೆ ನೆಲ ನೋಡಿದಳು.

"ಇಲ್ಲ ಅಂಕಲ್. ನಮ್ಮನೇಲಿ ಯಾರೂ ಅಂದಿಲ್ಲ."

ನಾಗರತ್ನಮ್ಮನವರಿಗೆ ಆಗ ಬಟ್ಟೆಯ ರಾಶಿ ನೆನಪಾಯಿತು. ಅದನ್ನು ಹಾಕಿದ್ದು ಯಾರು ಎಂದು ತಿಳಿಯಿತು. ಗೆಲ್ಲುವ ಮಾತು ಬಾಯಲ್ಲೇ ಇದ್ದರೂ ಈ ಹುಡುಗಿ ಅದನ್ನು ನುಂಗಿಕೊಂಡು, ಊರೂರು ಅಲೆದು ಹೇಳುವ ಸತ್ಯವನ್ನು ತನ್ನ ಮನೆಯ ಅಂಗಳದಲ್ಲಿ ಸೋಲಲು ಬಿಟ್ಟು, ಅತ್ತೆಯ ಮರ್ಯಾದೆ ಕಾಯುತ್ತ ನಿಂತಿದ್ದಾಳೆ. ನಾಗರತ್ನಮ್ಮನವರಿಗೆ ನಾಚಿಕೆಯಾಯಿತು. ಮಡಿ ಕೆಟ್ಟಾಗಲೂ ಅಷ್ಟು ನಾಚಿಕೆಯಾಗಿರಲಿಲ್ಲ.

"ಸರಿ, ಬೋರಿಗೆ ಒಪ್ಪಿಗೆ ಇರೋರು ಕೈ ಎತ್ತಿ," ಎಂದರು ರಾಯರು, ಮೊದಲು ತಾವೇ ಎತ್ತಿ. ಒಂದೊಂದಾಗಿ ಕೈಗಳು ಎದ್ದವು.

"ಕೈ ಇಳಿಸಿ ರಾಯರೆ," ಎಂದು ನಾಗರತ್ನಮ್ಮ ಕುರ್ಚಿ ಹಿಡಿದುಕೊಂಡು ಎದ್ದರು. "ನೀರು ಉಪ್ಪು. ಜಪದ ದಿನವೇ ಉಪ್ಪಿತ್ತು. ಬೇಳೆ ಬೇಯಲಿಲ್ಲ. ಅವತ್ತು ನೀವು ಮೂರು ಸಲ ಹಾಕಿಸ್ಕೊಂಡ್ರಲ್ಲ ಸಾರು, ಅದು ಕ್ಯಾನ್ ನೀರಿಂದು. ಅವತ್ತಿಂದ ಇವತ್ತಿನವರೆಗೂ ನಮ್ಮನೇಲಿ ದೇವರ ನೈವೇದ್ಯಕ್ಕೂ ಅದೇ ನೀರು."

ಎತ್ತಿದ ಕೈಗಳು ಎತ್ತಿದ ಹಾಗೇ ನಿಂತವು.

"ಕ್ಯಾನ್ ನೀರಾ?" ಎಂದರು ರಾಯರು. "ಎಲ್ಲಿಂದು?"

"ಅಂಬತ್ತೂರಿಂದು. ಬಾಬು ತರ್ತಾನಲ್ಲ, ಮೀನುಬಾಡಿಯಲ್ಲಿ." ಹೇಳುವುದಾದರೆ ಪೂರ್ತಿ ಹೇಳಿಬಿಡಬೇಕೆಂದು ಅವರು ತೀರ್ಮಾನಿಸಿದ್ದರು. "ನನ್ನ ಸಾರು ನೋಡಿ ಬೋರು ಕೊರೆಸ್ಬೇಡಿ. ಬಯ್ಯೋದಿದ್ರೆ ಆಮೇಲೆ ಬಯ್ಯಿರಿ. ಮೊದಲು ಅವಳು ಹೇಳಿದ ಹಾಗೆ ಬಾವಿ ಉಳಿಸಿ."

"ಒಬ್ಬರ ನಾಲಿಗೆಗೆ ಉಪ್ಪು ಅನ್ನಿಸಿಬಿಟ್ರೆ..." ಎಂದು ರಾಯರು ತಡವರಿಸುತ್ತಿದ್ದಂತೆ ಅವರ ಪಕ್ಕದಲ್ಲೇ ಜಾನಕಮ್ಮನ ದನಿ ಬಂತು.

"ನಾನು ಹುಳಿಗೆ ಉಪ್ಪು ಹಾಕೋದು ಬಿಟ್ಟು ಎಷ್ಟು ದಿನ ಆಯ್ತು ಕೇಳಿ. ಬಾವಿ ನೀರಲ್ಲೇ ಇದೆಯಲ್ಲ ಅಂತ. ಚಪ್ಪರಿಸ್ಕೊಂಡು ಉಣ್ತಿದೀರಿ ನೀವು, ಒಂದು ದಿನ ಸಪ್ಪೆ ಅಂದಿಲ್ಲ."

ಮೊದಲು ನಕ್ಕವಳು ಕೌಸಲ್ಯಾ. ಆಮೇಲೆ ಯಾರು ನಕ್ಕರು, ಯಾರು ನಗಲಿಲ್ಲ ಎಂದು ಹೇಳುವುದು ಕಷ್ಟ. ರಾಯರು ನಿಧಾನವಾಗಿ ಕೈ ಇಳಿಸಿದರು. ಬೋರಿನವನಿಗೆ ಬರಬೇಡ ಎಂದು ಹೇಳಿ ಕಳುಹಿಸಿದ್ದಾಯಿತು. ಬಾವಿಯಿಂದ ನೀರು ಸೇದುವುದನ್ನೂ ಕಡಿಮೆ ಮಾಡಿ, ತಾರಸಿಯ ಮಳೆನೀರು ಬಾವಿಯ ಬದಿಗೆ ಇಂಗುವ ಹಾಗೆ ಪೈಪು ಹಾಕಿಸುವುದೆಂದು ಆಯಿತು. ವಂದನಾ ಬಾವಿಯ ಒಳಗೋಡೆಯ ಮೇಲೆ ಕೆಂಪು ಬಣ್ಣದಿಂದ ಒಂದು ಗೆರೆ ಎಳೆದಳು. ಮರುದಿನದಿಂದ ರಾಯರು ಆ ಗೆರೆಯಿಂದಲೇ ಅಳೆಯತೊಡಗಿದರು, ಅದನ್ನು ಕಂಡುಹಿಡಿದವರು ತಾವೇ ಎಂಬ ಗತ್ತಿನಲ್ಲಿ. ಹಲಗೆಯ ಮೇಲಿನ 'ವರುಣ ಕೃಪೆ'ಯನ್ನು ಯಾರೂ ಒರೆಸಲಿಲ್ಲ, ಅದು ತಾನೇ ಮಾಸಿಹೋಯಿತು.

ಮೀಟಿಂಗ್ ಮುಗಿಸಿ ಮನೆಗೆ ಬರುವಾಗ ನಾಗರತ್ನಮ್ಮ ಸೊಸೆಯನ್ನು ತಡೆದು ಕೇಳಿದರು.

"ಯಾವಾಗಿಂದ ಗೊತ್ತು ನಿಂಗೆ?"

"ಬಂದ ದಿನಾನೇ ತುಳಸಿ ನೋಡ್ದೆ, ಸುಟ್ಟ ಹಾಗಾಗಿತ್ತು. ಗಿಡ ಉಪ್ಪುನೀರು ಕುಡೀತಿದೆ, ಮನೇವ್ರು ಸಿಹಿನೀರು ಕುಡೀತಿದೀವಿ. ಎಲ್ಲಿಂದ ಬರತ್ತೆ ಅಂತ ನೋಡ್ದೆ."

"ಅಲ್ಲಿ ಎಲ್ಲರ ಮುಂದೆ ಹೇಳಿದ್ರೆ ಗೆಲ್ತಿದ್ದೆ."

"ನೀವು ಊಟ ಬಿಟ್ಟು ಕೂರ್ತಿದ್ರಿ ಅತ್ತೆ," ಎಂದಳು ವಂದನಾ, ಬೀಗ ತೆಗೆಯುತ್ತ.

ನಾಗರತ್ನಮ್ಮನವರು ಇದರಿಂದ ಸುಲಭವಾಗಿ ಪಾರಾಗಲಿಲ್ಲ. ಶ್ರಾವಣ ಬಂತು, ವರಮಹಾಲಕ್ಷ್ಮಿಯೂ ಬಂತು. ಪ್ರತಿವರ್ಷ ಜಾನಕಮ್ಮನ ಮನೆಯಲ್ಲಿ ಹಬ್ಬದ ಅಡುಗೆ ಇವರದೇ ಆಗಿತ್ತು. ಆ ವರ್ಷ ಮಾಂಬಲದಿಂದ ಅಡುಗೆಯವರನ್ನು ಕರೆಸಿದರು. ಉಪ್ಪು ಹಾಕದ ಹುಳಿ ಉಣಿಸಿದ ಜಾನಕಮ್ಮನೇ ಮಡಿಯ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟಾಗಬಹುದೆಂದು ಅವರು ಅಂದುಕೊಂಡಿರಲಿಲ್ಲ. ಅರಿಶಿನ ಕುಂಕುಮಕ್ಕೆ ಕರೆದರು, ಅಡುಗೆಮನೆಯ ಕಡೆ ಮಾತ್ರ ಯಾರೂ ಕರೆಯಲಿಲ್ಲ. ಅದು ಬಹಳ ನೋಯಿಸಿತು. ಹಬ್ಬದ ಬೆಳಗ್ಗೆ ಮನೆಯಲ್ಲಿ ಯಾರೂ ಇಲ್ಲದಾಗ ಅಡುಗೆಮನೆಯ ಮಣೆಯ ಮೇಲೆ ಕೂತು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಇಷ್ಟು ವರ್ಷ ಒದ್ದೆ ಸೀರೆಯಲ್ಲಿ ನಡುಗಿದ್ದೆಲ್ಲ ಯಾರ ಲೆಕ್ಕಕ್ಕೆ ಹೋಯಿತು ಎಂದು ದೇವರ ಗೂಡಿನ ಕಡೆ ನೋಡಿ ಕೇಳಿದರು. ದೇವರು ಅಂಬತ್ತೂರಿನ ನೀರಿನ ಪಾಯಸ ಮುಂದಿಟ್ಟುಕೊಂಡು ಸುಮ್ಮನಿದ್ದ.

ಹಿಂದಿನ ಮೆಟ್ಟಿಲ ಹತ್ತಿರ ಸದ್ದಾಯಿತು. ಬಾಬು ಕ್ಯಾನ್ ಇಳಿಸಿ ಖಾಲಿ ಕ್ಯಾನಿಗಾಗಿ ಕಾಯುತ್ತ ನಿಂತಿದ್ದ. ನಾಗರತ್ನಮ್ಮ ಎದ್ದು ಹೋದರು. ಬಗ್ಗಿ ಕ್ಯಾನಿಗೆ ಕೈ ಹಾಕಿದರು, ಸೊಂಟ ಚುಳುಕ್ಕೆಂದಿತು. ನೆಟ್ಟಗೆ ನಿಂತು ಅವನ ಕಡೆ ತಿರುಗಿದರು.

"ಉಳ್ಳೇ ಕೊಂಡು ವಾ ಬಾಬು," ಎಂದರು, ಅವನು ಒಳಗೆ ತರಲೆಂದು ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದು.

ಬಾಬು ಹೊಸ್ತಿಲು ನೋಡಿದ, ಅವರ ಮುಖ ನೋಡಿದ. "ಉಳ್ಳೇಯಾ ಮಾಮಿ?"

"ಹೂಂ. ಅಡುಗೆಮನೆ ತನಕ."

ಅವನು ಚಪ್ಪಲಿ ಬಿಟ್ಟು, ಲುಂಗಿಗೆ ಕೈ ಒರೆಸಿಕೊಂಡು, ಕ್ಯಾನನ್ನು ಹೆಗಲ ಮೇಲೆ ಏರಿಸಿ ಒಳಗೆ ಬಂದ. ಮನೆಯೊಳಗೆ ನಿದ್ದೆ ಮಾಡುವ ಮಗು ಇದೆಯೇನೋ ಎನ್ನುವ ಹಾಗೆ ಮೆಲ್ಲಗೆ ಕಾಲಿಡುತ್ತಿದ್ದ. ಅಡುಗೆ ಕಟ್ಟೆಯ ಮೇಲೆ, ಹಿತ್ತಾಳೆ ಕೊಡದ ಪಕ್ಕದಲ್ಲಿ ಕ್ಯಾನ್ ಇಳಿಸಿದ. ನಾಗರತ್ನಮ್ಮನವರ ಕೈ ಅಭ್ಯಾಸಬಲದಿಂದ ಉದ್ಧರಣೆ ಎತ್ತಿಕೊಂಡಿತು. ಚಿಮುಕಿಸಲು ಹೋದವರು ಅವನು ನೋಡುತ್ತಿರುವುದನ್ನು ಕಂಡರು. ಉದ್ಧರಣೆಯನ್ನು ಪಂಚಪಾತ್ರೆಯೊಳಗೆ ಹಾಕಿ, ಡಿಕಾಕ್ಷನ್ನಿನ ಪಾತ್ರೆ ಒಲೆಯ ಮೇಲಿಟ್ಟರು.

ಹೊರಡಲು ತಿರುಗಿದ ಬಾಬುವನ್ನು ಕೂರು ಎಂದರು. ಮನೆಯವರು ಕುಡಿಯುವ ಸ್ಟೀಲಿನ ಲೋಟ ಎರಡು ತೆಗೆದಿಟ್ಟು, ನಿನಗೆ ಸಕ್ಕರೆ ಎಷ್ಟು ಎಂದು ಕೇಳಿದರು.